ಒಂಟಿ ತೋಳಿನ ವ್ಯಾಜ್ಯ

ಇಟಲಿಯ ಬೊಲೋನ್ಯ ನಗರದಲ್ಲಿರುವ ಡುಕಾಟಿ ಕಾರ್ಖಾನೆಯವರು 2024ನೆಯ ಇಸವಿಯ ಜುಲೈ ತಿಂಗಳಿನಲ್ಲಿ ತಮ್ಮ ಪಾನಿಗಾಲೆ ವಿ4 ಎಂಬ ಪಂದ್ಯದ ಜಾತಿಯ ಮೋಟಾರು ಸೈಕಲ್ಲಿಗೆ ಹೊಸ ರೂಪವನ್ನು ಕೊಟ್ಟು ಲೋಕದ ಮುಂದಿಟ್ಟರು. ಅದರ ಯಂತ್ರದ ಬಲವೆಷ್ಟು, ತಿರುವಿನಲ್ಲಿ ಅದರ ನಡೆ ಹೇಗೆ, ಸವಾರನಿಗೆ ಅದು ಎಷ್ಟು ವಿಧೇಯ ಎಂಬ ವಿಚಾರಗಳೆಲ್ಲ ಹಿಂದುಳಿದು, ಅಭಿಮಾನಿಗಳಲ್ಲಿ ಹಲವರ ಬಾಯಿಂದ ಮೊದಲು ಹೊರಟ ಆಕ್ಷೇಪಣೆ ಒಂದೇ: ಒಂಟಿ ತೋಳು ಹೋಯಿತು! ಹಿಂದಿನ ಚಕ್ರವನ್ನು ಹಿಡಿದುಕೊಂಡು, ರಸ್ತೆಯ ಏರುತಗ್ಗುಗಳಿಗೆ ತಕ್ಕಂತೆ ಮೇಲಕ್ಕೂ ಕೆಳಕ್ಕೂ ಆಡುವ ಲೋಹದ ತೋಳೊಂದು ಮೋಟಾರು ಸೈಕಲ್ಲಿಗೆ ಇರುತ್ತದೆ; ಅದಕ್ಕೆ ಸ್ವಿಂಗ್‌ಆರ್ಮ್ ಎಂದು ಹೆಸರು. ಸಾಮಾನ್ಯವಾಗಿ ಅದು ಚಕ್ರದ ಎರಡು ಮಗ್ಗುಲುಗಳನ್ನೂ ಹಿಡಿದಿರುವುದು. ಡುಕಾಟಿಯವರ ಹೆಸರಾಂತ ಯಂತ್ರಗಳಲ್ಲಿ ಮಾತ್ರ ಬಹುಕಾಲ ಅದು ಒಂದೇ ಮಗ್ಗುಲಲ್ಲಿದ್ದು, ಇನ್ನೊಂದು ಕಡೆಯಿಂದ ಚಕ್ರವು ಮರೆಯಿಲ್ಲದೆ, ಹುಣ್ಣಿಮೆಯ ಚಂದ್ರನಂತೆ ಪೂರ್ಣವಾಗಿ ಕಾಣುತ್ತಿದ್ದಿತು. ಆ ನೋಟವು ಹೋಯಿತೆಂದು ಈ ಶೋಕ.

ಪರದೇಶದ ಯಂತ್ರವೊಂದಕ್ಕೆ ತೋಳು ಒಂದಾದರೇನು, ಎರಡಾದರೇನು, ಸಾಹಿತ್ಯದ ಮಾಸಪತ್ರಿಕೆಯಲ್ಲಿ ಅದರ ಚರ್ಚೆಗೆ ಎಡೆಯೇನು ಎಂದು ವಾಚಕರು ಕೇಳಬಹುದು. ಈ ವ್ಯಾಜ್ಯವು ಮೇಲುನೋಟಕ್ಕೆ ಲೋಹದ್ದಾದರೂ ಒಳಗೆ ರುಚಿಗೆ ಸೇರಿದ್ದು. ಮೆಚ್ಚಿದ ವಸ್ತುವಿನ ಮೇಲಣ ಪ್ರೀತಿಯು ಹೊಸದನ್ನು ನೋಡಬೇಕಾದ ಕಣ್ಣಿಗೇ ಹೇಗೆ ಪೊರೆ ಕಟ್ಟುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಈ ಕಾಲದಲ್ಲಿ ದುರ್ಲಭ. ಇದೇ ತೋಳಿಗಾಗಿ ಅಭಿಮಾನಿಗಳು ಇಪ್ಪತ್ತೆರಡು ವರ್ಷಗಳ ಮುಂಚೆಯೂ ಒಮ್ಮೆ ಕೂಗೆಬ್ಬಿಸಿದ್ದರು. ಆಗ ಅವರು ಗೆದ್ದರು. ಆ ಗೆಲವು ನ್ಯಾಯವಾದುದಾಗಿರಲಿಲ್ಲವೆಂಬುದೇ ನಮ್ಮ ವಾದ.

ಕಥೆಯನ್ನು ಮೊದಲಿನಿಂದ ಹೇಳಬೇಕು. 1993ನೆಯ ಇಸವಿಯಲ್ಲಿ ಡುಕಾಟಿಯವರು 916 ಎಂಬ ಯಂತ್ರವನ್ನು ಪ್ರಕಟಿಸಿದರು. ಅದರ ರೂಪವನ್ನು ಕಲ್ಪಿಸಿದವರು ಮಾಸ್ಸಿಮೊ ತಂಬುರಿನಿ ಎಂಬ ಮಹಾಶಿಲ್ಪಿ. ಗಿಡುಗನ ಕಣ್ಣುಗಳಂತೆ ಅಡ್ಡಲಾಗಿ ಸೀಳಿದ ಎರಡು ಮುಂದೀಪಗಳು, ಸಣ್ಣ ನಡು, ಆಸನದ ಕೆಳಗೆ ಅಡಗಿದ ಜೋಡು ಹೊಗೆಕೊಳವೆಗಳು, ಹಿಂದೆ ಆ ಒಂಟಿ ತೋಳು, ಇವೆಲ್ಲ ಒಂದೇ ಉಸಿರಿನಲ್ಲಿ ಎರಕಹೊಯ್ದಂತಿದ್ದವು. ಅದು ಬರಿಯ ಚೆಲುವಾಗಿಯೂ ಉಳಿಯಲಿಲ್ಲ. ಆ ವಂಶದ ಯಂತ್ರವನ್ನೇರಿ ಕಾರ್ಲ್ ಫೋಗರ್ಟಿಯವರು 1994, 1995, 1998 ಮತ್ತು 1999ನೆಯ ಇಸವಿಗಳಲ್ಲಿ ಸೂಪರ್‌ಬೈಕ್ ಜಗತ್ಪಂದ್ಯದ ಪ್ರಶಸ್ತಿಯನ್ನು ಗೆದ್ದರು. 1998ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಕಲಾಭವನದವರು ಮೋಟಾರು ಸೈಕಲ್ಲುಗಳನ್ನು ಕಲಾಕೃತಿಗಳೆಂದು ಸಾಲಾಗಿ ನಿಲ್ಲಿಸಿದಾಗ 916ಕ್ಕೂ ಅಲ್ಲಿ ಪೀಠ ದೊರೆಯಿತು. ಆ ಗೌರವಕ್ಕೆ ಅದು ಯೋಗ್ಯವೇ ಸರಿ. ಅದರ ಸೊಬಗನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ.

ಒಂಬತ್ತು ವರ್ಷಗಳ ತರುವಾಯ, 2002ರಲ್ಲಿ, ಅದರ ಉತ್ತರಾಧಿಕಾರಿಯಾಗಿ 999 ಬಂದಿತು. ಇದರ ಶಿಲ್ಪಿ ದಕ್ಷಿಣ ಆಫ್ರಿಕದಿಂದ ಬಂದ ಪಿಯರ್ ಟೆರ್‌ಬ್ಲಾಂಶ್. ಅವರು ಹಳೆಯ ಅಚ್ಚನ್ನು ಕೈಬಿಟ್ಟರು. ಅಡ್ಡಲಾಗಿದ್ದ ಮುಂದೀಪಗಳು ಒಂದರ ಮೇಲೊಂದಾಗಿ ನಿಂತವು. ಜೋಡು ಹೊಗೆಕೊಳವೆಗಳ ಸ್ಥಳದಲ್ಲಿ ಒಂದೇ ಪೆಟ್ಟಿಗೆ ಕುಳಿತಿತು. ಒಂಟಿ ತೋಳು ಹೋಗಿ ಇಬ್ಬದಿಯ ತೋಳು ಬಂದಿತು. ಸವಾರನ ಮೈಯಳತೆಗೆ ತಕ್ಕಂತೆ ಕಾಲಿಡುವ ಮೆಟ್ಟಿಲುಗಳನ್ನೂ, ಒಬ್ಬನೇ ಕೂರುವ ಮಾದರಿಯಲ್ಲಿ ಆಸನವನ್ನೂ ಸರಿಸಿಕೊಳ್ಳಲು ಅವಕಾಶವಾಯಿತು. ಒಳಗಿನ ಯಂತ್ರವಾದರೋ ಹಳೆಯ ವಂಶದ ಕೊನೆಯ ಕುಡಿಯಾದ 998ರಲ್ಲಿ ಆಗಲೇ ಇದ್ದುದೇ. ಎಂದರೆ ಹೃದಯವು ಅದೇ. ಬದಲಾದದ್ದು ಮುಖ ಮತ್ತು ಮೈಕಟ್ಟು.

ಅಷ್ಟಕ್ಕೇ ಕೋಲಾಹಲವೆದ್ದಿತು. ಕುರೂಪವೆಂದರು, ವಂಶದ್ರೋಹವೆಂದರು, ತಂಬುರಿನಿಯವರ ಕೃತಿಗೆ ಮಾಡಿದ ಅಪಚಾರವೆಂದರು. ಹಾಗೆಂದವರಲ್ಲಿ ಅದನ್ನು ಏರಿ ನೋಡಿದ್ದವರು ಎಷ್ಟು ಮಂದಿ? ಬಹುಮಂದಿಯ ತೀರ್ಪು ಚಿತ್ರವನ್ನು ನೋಡಿ ಕೊಟ್ಟ ತೀರ್ಪು. ಒಲೆಯ ಹೊಗೆಯನ್ನು ನೋಡಿ ಅಡಿಗೆಯ ರುಚಿಯನ್ನು ಹೇಳಿದಂತಾಯಿತು. ಮಾರಾಟವು ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ. 2005ರಲ್ಲಿ ಮೈಹೊದಿಕೆಯನ್ನು ತಿದ್ದಿದರು, ಅದೂ ಸಾಲದಾಯಿತು. 2006ರ ಕೊನೆಯಲ್ಲಿ 1098 ಎಂಬ ಬೇರೊಂದು ಯಂತ್ರವನ್ನು ತಂದರು. ಅದರಲ್ಲಿ ಮುಂದೀಪಗಳು ಮತ್ತೆ ಅಡ್ಡಲಾಗಿ ಮಲಗಿದವು. ಹೊಗೆಕೊಳವೆಗಳು ಮತ್ತೆ ಜೋಡಾದವು. ಒಂಟಿ ತೋಳು ಮರಳಿ ಬಂದಿತು. ಅಭಿಮಾನಿಗಳು ತೃಪ್ತರಾದರು.

ಈಗ ಅವರ ವಾದಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು, 999 ಪರಂಪರೆಯನ್ನು ಮುರಿಯಿತೆಂಬುದು. ಯಾವ ಪರಂಪರೆ? 916ಕ್ಕೆ ಮುಂಚಿನ 851, 888 ಎಂಬ ಡುಕಾಟಿ ಯಂತ್ರಗಳಿಗೆ ಒಂಟಿ ತೋಳಿರಲಿಲ್ಲ. ಆಸನದಡಿಯ ಜೋಡು ಕೊಳವೆಗಳಿರಲಿಲ್ಲ. ಆ ಮುಖವೂ ಇರಲಿಲ್ಲ. ತಂಬುರಿನಿಯವರು ಮುರಿದು ಕಟ್ಟಿದುದನ್ನೇ ಇವರು ಸನಾತನವೆಂದು ಪೂಜಿಸುತ್ತಿದ್ದಾರೆ. ಮೇಲಾಗಿ ಆ ಲಕ್ಷಣಗಳು ಬೊಲೋನ್ಯದಲ್ಲಿಯೇ ಹುಟ್ಟಿದವುಗಳೂ ಅಲ್ಲ. ಜಪಾನಿನ ಹೊಂಡ ಕಾರ್ಖಾನೆಯವರ ಆರ್‌ಸಿ30 ಎಂಬ ಯಂತ್ರವು 1987ರಲ್ಲಿಯೇ ಒಂಟಿ ತೋಳನ್ನು ಧರಿಸಿ ಬಂದಿದ್ದಿತು; ಅವರದೇ ಆದ 1992ರ ಎನ್‌ಆರ್ ಎಂಬ ಯಂತ್ರದಲ್ಲಿ ಒಂಟಿ ತೋಳೂ ಆಸನದಡಿಯ ಹೊಗೆಕೊಳವೆಗಳೂ ಕೂಡಿದ್ದವು. ಎರವಲು ತಂದು ಮೂಲಕ್ಕಿಂತ ಚೆನ್ನಾಗಿ ಮಾಡಿದುದು ತಂಬುರಿನಿಯವರ ಹೆಗ್ಗಳಿಕೆ. ಆ ಎರವಲನ್ನೇ ಕುಲಲಾಂಛನವನ್ನಾಗಿ ಮಾಡಿಕೊಂಡು, ಅದಿಲ್ಲದವನು ಕುಲಗೆಟ್ಟವನೆಂದು ಸಾರುವುದು ಅಭಿಮಾನಿಗಳ ಅತಿರೇಕ.

ಒಂಟಿ ತೋಳಿಗೆ ಹುಟ್ಟುಕಾರಣವೊಂದಿದ್ದಿತು. ಹಗಲಿರುಳೂ ನಡೆಯುವ ದೀರ್ಘಾವಧಿಯ ಪಂದ್ಯಗಳಲ್ಲಿ ಹಿಂದಿನ ಚಕ್ರವನ್ನು ಕ್ಷಣಗಳಲ್ಲಿ ಬಿಚ್ಚಿ ಬೇರೆ ಚಕ್ರವನ್ನು ತೊಡಿಸಬೇಕು; ಒಂದು ಮಗ್ಗುಲು ಬಯಲಾಗಿದ್ದರೆ ಆ ಕೆಲಸ ಸುಲಭ. ಪೇಟೆಯ ಬೀದಿಯಲ್ಲಿಯೂ ಗುಡ್ಡದ ದಾರಿಯಲ್ಲಿಯೂ ಓಡಿಸುವ ಗೃಹಸ್ಥನಿಗೆ ಆ ಅವಸರವೆಲ್ಲಿಯದು? ಕಾರಣವು ಹೋಯಿತು, ಅಲಂಕಾರವು ಉಳಿಯಿತು. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು: ಚಕ್ರದ ಭಾರವನ್ನೆಲ್ಲ ಒಂದೇ ಕಡೆಯಿಂದ ಹೊರುವ ತೋಳು ತಿರುಚಿಕೊಳ್ಳದಂತೆ ಇರಬೇಕಾದರೆ ಅದನ್ನು ದಪ್ಪವಾಗಿಯೂ ತೂಕವಾಗಿಯೂ ಮಾಡಬೇಕು.

ಕನ್ನಡಿಗರಿಗೆ ಈ ಬಗೆಯ ಜಗಳ ಹೊಸದಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರ ಸುಮಾರಿಗೆ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಪದ್ಯ ಬರೆಯತೊಡಗಿದಾಗ, ಪ್ರಾಸವಿಲ್ಲದ ಮೇಲೆ ಅದು ಪದ್ಯವೆಂತಾದೀತೆಂದು ಮೂಗು ಮುರಿದವರು ನಮ್ಮಲ್ಲಿಯೂ ಇದ್ದರು. ಪ್ರಾಸವು ಚೆಲುವೆಂಬುದನ್ನು ಪೈಗಳು ಅರಿಯದವರಲ್ಲ. ಅದು ಕಾವ್ಯಕ್ಕೆ ಒಡವೆಯೆಂದೂ, ಒಡವೆಗಾಗಿ ಒಡಲನ್ನು ಹಿಂಡಬಾರದೆಂದೂ ಆಮೇಲಿನ ಕಾಲವು ಒಪ್ಪಿಕೊಂಡಿತು. ಆ ಒಪ್ಪಿಗೆಯ ಫಲವನ್ನು ಉಣ್ಣುತ್ತಿರುವ ನಾವು ಒಂಟಿ ತೋಳಿನ ಶೋಕವನ್ನು ಕೇಳಿದಾಗ ಯಾವ ಪಕ್ಷವನ್ನು ಹಿಡಿಯಬೇಕೆಂಬುದು ಹೇಳದೆಯೇ ತಿಳಿಯುವಂತಿದೆ.

ಎರಡನೆಯ ವಾದವು ಇದಕ್ಕಿಂತ ಗಟ್ಟಿಯಾದುದು. ಇಂತಹ ಯಂತ್ರವನ್ನು ಯಾರೂ ಅಗತ್ಯಕ್ಕಾಗಿ ಕೊಳ್ಳುವುದಿಲ್ಲ, ಆಸೆಯಿಂದ ಕೊಳ್ಳುತ್ತಾರೆ. ಆಸೆಯು ಹುಟ್ಟುವುದು ಕಣ್ಣಿನಿಂದ. ಆದುದರಿಂದ ಕಣ್ಣಿಗೆ ಹಿಡಿಸದುದನ್ನು ಬೇಡವೆನ್ನುವ ಹಕ್ಕು ಕೊಳ್ಳುವವನಿಗುಂಟು ಎಂದು ಅವರು ಹೇಳುತ್ತಾರೆ. ಹಕ್ಕು ಉಂಟು, ಸಂಶಯವಿಲ್ಲ. ಬೆಂಗಳೂರಿನಲ್ಲಿಯೂ ಇಂತಹ ಯಂತ್ರಗಳಿಗೆ ದೊಡ್ಡ ಮೊತ್ತವನ್ನು ತೆರುವವರಿದ್ದಾರೆ. ಅವರು ತಮ್ಮ ಹಣಕ್ಕೆ ತಮ್ಮ ಇಷ್ಟವನ್ನು ಕೊಳ್ಳಲಿ. ಆದರೆ ‘ನನಗೆ ಒಗ್ಗಲಿಲ್ಲ’ ಎಂಬುದು ಒಂದು ಮಾತು, ‘ಇದು ಕುರೂಪ’ ಎಂಬುದು ಇನ್ನೊಂದು ಮಾತು. ಮೊದಲನೆಯದು ತನ್ನ ಅಭ್ಯಾಸದ ವರದಿ. ಎರಡನೆಯದು ವಸ್ತುವಿನ ಮೇಲೆ ಕೊಟ್ಟ ತೀರ್ಪು. ತೀರ್ಪು ಕೊಡುವವನು ಸಾಕ್ಷ್ಯವನ್ನು ಕೇಳಬೇಕು, ಕಾಲವನ್ನು ಕೊಡಬೇಕು. ನಮ್ಮ ಲಾಕ್ಷಣಿಕರು ಸಹೃದಯನೆಂದು ಕರೆದದ್ದು ಕೃತಿಯೊಳಕ್ಕೆ ಹೊಕ್ಕು ಅದರೊಡನೆ ಮಿಡಿಯಬಲ್ಲವನನ್ನು. ಹೊಸ್ತಿಲಲ್ಲಿ ನಿಂತು ಹಳೆಯ ಮನೆಯ ನಕ್ಷೆಯನ್ನು ಹಿಡಿದು ಗೋಡೆಗಳನ್ನು ಎಣಿಸುವವನನ್ನಲ್ಲ. ಅಭಿಮಾನಿಗಳು 999ನ್ನು 999 ಎಂದು ನೋಡಲೇ ಇಲ್ಲ. ಅದು ಎಷ್ಟರ ಮಟ್ಟಿಗೆ 916 ಅಲ್ಲ ಎಂಬುದನ್ನು ಮಾತ್ರ ಲೆಕ್ಕ ಹಾಕಿದರು.

ಮೂರನೆಯದು, ಪಂದ್ಯದ ಗೆಲವು ರೂಪಕ್ಕೆ ಸಮರ್ಥನೆಯಾಗದೆಂಬ ವಾದ. 999ರ ಪಕ್ಷದವರು 2003ರಲ್ಲಿ ನೀಲ್ ಹಾಡ್ಜ್‌ಸನ್, 2004ರಲ್ಲಿ ಜೇಮ್ಸ್ ಟೋಸ್‌ಲೆಂಡ್, 2006ರಲ್ಲಿ ಟ್ರಾಯ್ ಬೇಲಿಸ್ ಇವರು ಅದನ್ನೇರಿ ಜಗತ್ಪಂದ್ಯವನ್ನು ಗೆದ್ದುದನ್ನು ಎತ್ತಿ ತೋರಿಸುವರು. 2003ರಲ್ಲಿ ಪ್ರತಿಸ್ಪರ್ಧಿ ಕಾರ್ಖಾನೆಗಳು ಬಹಳ ವಿರಳವಾಗಿದ್ದುದರಿಂದ ಆ ಗೆಲವಿನ ತೂಕ ಸ್ವಲ್ಪ ಕಡಮೆಯೆಂದು ನಾವೂ ಒಪ್ಪುತ್ತೇವೆ. 2006ರ ಗೆಲವಿಗೆ ಆ ಕೊರತೆಯಿಲ್ಲ. ಗೆದ್ದದ್ದೆಲ್ಲ ಚೆಲುವಾಗುವುದಿಲ್ಲವೆಂಬ ಮಾತು ನಿಜವೇ. ಆದರೆ ಓಡುವುದಕ್ಕಾಗಿಯೇ ಹುಟ್ಟಿದ ವಸ್ತುವಿನ ಚೆಲುವನ್ನು ಅದರ ಓಟದಿಂದ ಬೇರ್ಪಡಿಸಿ ನೋಡುವುದು ಯಾವ ನ್ಯಾಯ? ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಕೊರಳಿಗೆ ಒಪ್ಪುವ ಹಾರವನ್ನು ಸೊಂಟಕ್ಕೆ ಕಟ್ಟಿಕೊಂಡರೆ ನಗೆಪಾಟಲಾಗುವುದೆಂಬ ಬುದ್ಧಿಯು ಯಂತ್ರಕ್ಕೂ ಸಲ್ಲುತ್ತದೆ. ಕುದುರೆಯ ಅಂದವು ಲಾಯದಲ್ಲಿ ಕಟ್ಟಿದಾಗ ಅರ್ಧ ಮಾತ್ರ ಕಾಣುವುದು. ಉಳಿದರ್ಧ ಅದು ನಾಗಾಲೋಟದಲ್ಲಿ ಹೋಗುವಾಗ.

ಇನ್ನೊಂದು ವಿಚಿತ್ರವನ್ನು ನೋಡಿರಿ. ಮೋಟೊಜಿಪಿ ಎಂಬ ಅತ್ಯುಚ್ಚ ಪಂದ್ಯಕ್ಕಾಗಿ ಇದೇ ಡುಕಾಟಿಯವರು 2003ರಿಂದ ಓಡಿಸುತ್ತಿರುವ ಯಂತ್ರಕ್ಕೆ ಇಬ್ಬದಿಯ ತೋಳೇ ಇದೆ. ಅದನ್ನೇರಿ 2007ರಲ್ಲಿ ಕೇಸಿ ಸ್ಟೋನರ್ ಅವರೂ, 2022 ಮತ್ತು 2023ರಲ್ಲಿ ಫ್ರಾಂಚೆಸ್ಕೊ ಬನ್ಯಾಯ ಅವರೂ ಗೆದ್ದಾಗ, ಈ ಅಭಿಮಾನಿಗಳೇ ಕೆಂಬಾವುಟಗಳನ್ನು ಹಾರಿಸಿ ಜಯಕಾರ ಮಾಡಿದರು. ಪಂದ್ಯದ ಕಣದಲ್ಲಿ ಪೂಜ್ಯವಾದ ತೋಳು ಅಂಗಡಿಗೆ ಬಂದ ಕೂಡಲೆ ಅಪವಿತ್ರವಾಗುವುದು ಹೇಗೆ?

2024ರ ಯಂತ್ರದಲ್ಲಿ ಒಂಟಿ ತೋಳನ್ನು ತೆಗೆದುದಕ್ಕೆ ಕಾರ್ಖಾನೆಯವರು ಕಾರಣವನ್ನು ಮುಚ್ಚಿಟ್ಟಿಲ್ಲ. ಯಂತ್ರವು ತಿರುವಿನಲ್ಲಿ ನೆಲಕ್ಕೆ ಒರಗುವಷ್ಟು ವಾಲಿದಾಗ, ಮೇಲೆ ಕೆಳಗೆ ಆಡುವ ಸ್ಪ್ರಿಂಗು ರಸ್ತೆಯ ಉಬ್ಬುಗಳನ್ನು ಚೆನ್ನಾಗಿ ನುಂಗಲಾರದು; ಆಗ ತೋಳೇ ಅಡ್ಡಕ್ಕೆ ಸ್ವಲ್ಪ ಬಾಗಿ ಆ ಕೆಲಸಕ್ಕೆ ಹೆಗಲು ಕೊಡಬೇಕು. ಒಂಟಿ ತೋಳು ಅದಕ್ಕೆ ಬಹಳ ಬಿರುಸು. ಹೊಸ ಟೊಳ್ಳುತೋಳಿನಲ್ಲಿ ಆ ಅಡ್ಡಬಿರುಸನ್ನು ಶೇಕಡ 37ರಷ್ಟು ಇಳಿಸಿರುವುದಾಗಿಯೂ, ತೂಕವನ್ನು ಉಳಿಸಿರುವುದಾಗಿಯೂ ಅವರು ಹೇಳುತ್ತಾರೆ. ಈ ಲೆಕ್ಕವನ್ನು ಒಪ್ಪದವನು ಬೇರೆ ಲೆಕ್ಕವನ್ನು ಮುಂದಿಡಲಿ, ಅದು ವಾದ. ಅದನ್ನು ಬಿಟ್ಟು ಚಕ್ರ ಕಾಣುವುದಿಲ್ಲವೆಂದು ಅಳುವುದಕ್ಕೆ ವಾದವೆಂಬ ಹೆಸರು ಸಲ್ಲದು.

ಹೊಸದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಬಣ್ಣ ಬಳಿದು ಹೊಸತೆಂದು ಮಾರುವ ವರ್ತಕಬುದ್ಧಿಯನ್ನು ನಾವು ಬಲ್ಲೆವು. ಅದರ ಮುಂದೆ ಅಭಿಮಾನಿಗಳ ಹಟವೇ ಎಷ್ಟೋ ಮೇಲು. 1098 ಕೂಡ ಹೀನವಾದ ಯಂತ್ರವಲ್ಲ. ಅದೂ ಪಂದ್ಯಗಳನ್ನು ಗೆದ್ದಿತು, ಅದೂ ಅಂದವಾಗಿಯೇ ಇದ್ದಿತು. ಆದರೆ 999ರ ಪ್ರಕರಣದಿಂದ ತಯಾರಕರು ಕಲಿತ ಪಾಠವೇನು? ಶಿಲ್ಪಿಯು ಮುಂದೆ ನೋಡಿದರೆ ಗಿರಾಕಿಯು ಹಿಂದೆ ಸರಿಯುವನು. ಆದುದರಿಂದ ಹೊಸದನ್ನು ಮಾಡಿದರೂ ಹಳೆಯ ಮುಖವನ್ನೇ ತೊಡಿಸಬೇಕು ಎಂಬುದು. ಶಿಲ್ಪಿಯ ಕೈಗೆ ಇಂತಹ ಭಯ ಹೊಕ್ಕರೆ ಎರಡನೆಯ 916 ಎಂದಿಗೂ ಹುಟ್ಟಲಾರದು. ಮೊದಲನೆಯದು ಹುಟ್ಟಿದುದೇ ಭಯವಿಲ್ಲದ ಕೈಯಿಂದ. ತಂಬುರಿನಿಯವರು 2014ರಲ್ಲಿ ಕಾಲವಾದರು. ಅವರಿಗೆ ಸಲ್ಲಿಸಬೇಕಾದ ಗೌರವವೆಂದರೆ ಅವರ ಧೈರ್ಯವನ್ನು ಅನುಸರಿಸುವುದೇ ಹೊರತು ಅವರ ಗೆರೆಗಳ ಮೇಲೆ ಮತ್ತೆ ಮತ್ತೆ ಗೆರೆಯೆಳೆಯುವುದಲ್ಲ.

ಇಂದು 999ನ್ನು ಆದರದಿಂದ ನೋಡುವವರು ಹೆಚ್ಚುತ್ತಿದ್ದಾರೆ. ಅಂದು ಹಳಿದವರಲ್ಲಿಯೇ ಕೆಲವರು ಈಗ ಅದರ ಕಟ್ಟುಮಸ್ತನ್ನೂ ಸ್ವಂತಿಕೆಯನ್ನೂ ಕೊಂಡಾಡುತ್ತಾರೆ. ಸಂತೋಷವೇ, ಆದರೆ ಆ ಯಂತ್ರವನ್ನು ಮಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾದವು. ಬದುಕಿದ್ದಾಗ ಅನ್ನವಿಕ್ಕದೆ ತಿಥಿಯ ದಿನ ಹೋಳಿಗೆ ಬಡಿಸುವುದು ನಮ್ಮ ಜನಕ್ಕೆ ತಿಳಿಯದ ಧರ್ಮವೇನಲ್ಲ. ಪಾನಿಗಾಲೆಯ ಹೊಸ ತೋಳಿನ ವಿಷಯದಲ್ಲಾದರೂ ಅಭಿಮಾನಿಗಳು ಇಷ್ಟನ್ನು ಮಾಡಲಿ: ಏರಿ ನೋಡಲಿ, ತಿರುವಿನಲ್ಲಿ ಅದರ ನಡೆಯನ್ನು ಅರಿಯಲಿ, ಕಣ್ಣು ಪಳಗುವುದಕ್ಕೆ ಒಂದೆರಡು ವರ್ಷಗಳ ಅವಕಾಶವನ್ನು ಕೊಡಲಿ. ಆಮೇಲೆಯೂ ಬೇಡವೆನಿಸಿದರೆ ಧಾರಾಳವಾಗಿ ಬೇಡವೆನ್ನಲಿ. ಆ ಮಾತಿಗೆ ಬೆಲೆಯಿರುವುದು.