ಕೊನೆಯ ಎರಡು ಸ್ಥಾನ ಯಾರಿಗೆ?

ಒಲಿಂಪಿಕ್ಸ್ ಹಾಕಿ ತಂಡ ಪ್ರಕಟವಾದಾಗಲೆಲ್ಲ ನಮ್ಮ ಚರ್ಚೆ ನಾಯಕ, ಗೋಲ್‌ಕೀಪರ್ ಮತ್ತು ಹೆಸರಾಂತ ಫಾರ್ವರ್ಡ್‌ಗಳಿಗೇ ಸೀಮಿತವಾಗುತ್ತದೆ. ಆ ಹೆಸರುಗಳನ್ನು ಯಾವ ಆಯ್ಕೆ ಸಮಿತಿಯೂ ಬಿಡಲಾರದು. ಸಮಿತಿಯ ವಿವೇಕ ಪರೀಕ್ಷೆಗೊಳಗಾಗುವುದು 16 ಮಂದಿಯ ಪಟ್ಟಿಯ ಕೊನೆಯ ಎರಡು ಸ್ಥಾನಗಳನ್ನು ತುಂಬುವಾಗ. ಪ್ಯಾರಿಸ್ ಒಲಿಂಪಿಕ್ಸ್‌ನ ಅನುಭವವನ್ನು ಈ ದೃಷ್ಟಿಯಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ.

2024ರ ಆಗಸ್ಟ್ 4ರಂದು ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರನಡೆದರು. ಹತ್ತೇ ಮಂದಿ ನಲವತ್ತಕ್ಕೂ ಹೆಚ್ಚು ನಿಮಿಷ ಹೋರಾಡಿ 1–1ರ ಸಮಬಲ ಸಾಧಿಸಿ, ಶೂಟೌಟ್‌ನಲ್ಲಿ 4–2ರಿಂದ ಗೆದ್ದರು. ಆ ಸಾಹಸವನ್ನು ದೇಶ ಕೊಂಡಾಡಿದ್ದು ಸರಿಯೇ. ಅದರ ಬೆಲೆಯನ್ನು ತೆರಬೇಕಾಗಿ ಬಂದದ್ದು ಎರಡು ದಿನಗಳ ನಂತರ. ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ. ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಭಾರತದ ಬಳಿ ಉಳಿದವರು 15 ಮಂದಿ. ಫಲಿತಾಂಶ 2–3.

ರೋಹಿದಾಸ್ ಜಾಹೀರಾತುಗಳಲ್ಲಿ ಮಿಂಚುವ ಆಟಗಾರರಲ್ಲ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಮುಖಕವಚ ತೊಟ್ಟು, ಗೋಲು ಗೆರೆಯಿಂದ ಚೆಂಡಿನ ದಾರಿಗೇ ನೇರವಾಗಿ ಮೊದಲು ನುಗ್ಗುವುದು ಅವರ ಕೆಲಸ. ಡ್ರ್ಯಾಗ್ ಫ್ಲಿಕ್ ಮಾಡುವವನ ಕೋನವನ್ನು ಕ್ಷಣಾರ್ಧದಲ್ಲಿ ಕಿರಿದುಗೊಳಿಸುವ ಈ ಕೆಲಸಕ್ಕೆ ಧೈರ್ಯದಷ್ಟೇ ವರ್ಷಗಳ ಅಭ್ಯಾಸವೂ ಬೇಕು. ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದಲೇ. ರೋಹಿದಾಸ್ ಇದ್ದಿದ್ದರೆ ಅದು ತಪ್ಪುತ್ತಿತ್ತೆನ್ನಲು ನಾನು ಜ್ಯೋತಿಷಿಯಲ್ಲ. ಆದರೆ ಒಬ್ಬನೇ ಗುಮಾಸ್ತನಿಗೆ ಗೊತ್ತಿರುವ ಕಡತವು ಆತ ರಜೆ ಹಾಕಿದ ದಿನ ಇಡೀ ಕಚೇರಿಗೇ ಕಾಣೆಯಾಗುವುದನ್ನು ಸರ್ಕಾರಿ ಸೇವೆಯಲ್ಲಿದ್ದವರೆಲ್ಲ ಬಲ್ಲರು.

ಆ ತಂಡದಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಅವರನ್ನು ಬಿಟ್ಟರೆ ಐವರು ಡಿಫೆಂಡರ್‌ಗಳು, ಐವರು ಮಿಡ್‌ಫೀಲ್ಡರ್‌ಗಳು, ಐವರು ಫಾರ್ವರ್ಡ್‌ಗಳಿದ್ದರು. ಹಂಚಿಕೆ ಅಚ್ಚುಕಟ್ಟಾಗಿದೆ, ಆದರೆ ಅಂಕಗಣಿತದ ಅಚ್ಚುಕಟ್ಟು ಅದು. ಡಿಫೆಂಡರ್ ಹಾಗೂ ಡ್ರ್ಯಾಗ್ ಫ್ಲಿಕ್ ಪಟು ಜುಗರಾಜ್ ಸಿಂಗ್ ಮೀಸಲು ಆಟಗಾರರಾಗಿದ್ದರು. ನಿಷೇಧಿತನ ಜಾಗವನ್ನು ಮೀಸಲಿನವರಿಂದ ತುಂಬುವಂತಿರಲಿಲ್ಲ. ಐದನೆಯ ಫಾರ್ವರ್ಡ್‌ಗೆ ಬದಲು ಆರನೆಯ ಡಿಫೆಂಡರ್‌ನನ್ನು ಮೂಲ ಪಟ್ಟಿಯಲ್ಲೇ ಇರಿಸಬೇಕಿತ್ತು ಎಂಬುದು ನನ್ನ ವಾದ. ಎಡೆಬಿಡದೆ ಓಡುವ ಫಾರ್ವರ್ಡ್‌ಗಳೇ ಬೇಗ ದಣಿಯುತ್ತಾರೆ, ಅವರಿಗೇ ಹೆಚ್ಚು ಬದಲಿಗಳು ಬೇಕು ಎಂಬ ಆಕ್ಷೇಪವಿದೆ. ಅದು ನಿರಾಧಾರವಲ್ಲ. ಆದರೆ ಮಿಡ್‌ಫೀಲ್ಡರ್ ಒಬ್ಬ ಹತ್ತು ನಿಮಿಷ ಮುಂದೆ ಹೋಗಿ ಆಡಬಲ್ಲ; ಪೆನಾಲ್ಟಿ ಕಾರ್ನರ್ ತಡೆಯಲು ಮೊದಲು ನುಗ್ಗುವುದನ್ನು ಎರಡು ದಿನಗಳಲ್ಲಿ ಕಲಿಯಲಾಗದು. ಅರ್ಥಶಾಸ್ತ್ರದ ಮಾತಿನಲ್ಲಿ, ಈಗಾಗಲೇ ನಾಲ್ವರು ಮಾಡುತ್ತಿರುವ ಕೆಲಸಕ್ಕೆ ಐದನೆಯವನನ್ನು ಸೇರಿಸುವುದರ ಸೀಮಾಂತ ತುಷ್ಟಿಗುಣ ಕಡಿಮೆ.

ಟೋಕಿಯೊದಲ್ಲಿ ನಡೆದದ್ದು ಇದಕ್ಕೆ ವಿರುದ್ಧವಲ್ಲವೇ ಎಂದು ಬಲ್ಲವರು ಕೇಳಬಹುದು. 2021ರಲ್ಲಿ ಕೊರೊನಾ ಕಾರಣಕ್ಕೆ ನಿಯಮ ಸಡಿಲಿಸಿ, ಪ್ರತಿ ಪಂದ್ಯಕ್ಕೂ 18 ಮಂದಿಯಿಂದ 16 ಮಂದಿಯನ್ನು ಆರಿಸಲು ಅವಕಾಶ ಕೊಡಲಾಗಿತ್ತು. ಮೂಲ ಪಟ್ಟಿಯಲ್ಲಿಲ್ಲದ ಸಿಮ್ರನ್‌ಜೀತ್ ಸಿಂಗ್ ಕಂಚಿನ ಪಂದ್ಯದಲ್ಲಿ ಎರಡು ಗೋಲು ಹೊಡೆದರು. ಜರ್ಮನಿಯನ್ನು 5–4ರಿಂದ ಮಣಿಸಿ ಭಾರತ 41 ವರ್ಷಗಳ ನಂತರ ಪದಕ ಗೆದ್ದಿತು. ಹೌದು, ಅವರು ಫಾರ್ವರ್ಡ್. ಆದರೆ ಅಂದು ನಮಗೆ ನೆರವಾದದ್ದು ಪಂದ್ಯಕ್ಕೆ ತಕ್ಕಂತೆ ಆಯ್ದುಕೊಳ್ಳುವ ಆ ಅವಕಾಶ. 2023ರ ವಿಶ್ವಕಪ್‌ಗೆ 18 ಮಂದಿಯ ತಂಡಗಳಿದ್ದವು. ಒಲಿಂಪಿಕ್ಸ್‌ಗೆ ಎರಡು ಸ್ಥಾನ ಕಡಿತ ಮಾಡುವುದಕ್ಕೆ ಕ್ರೀಡಾಗ್ರಾಮದ ಹಾಸಿಗೆಗಳ ಲೆಕ್ಕದ ಹೊರತು ಆಟಕ್ಕೆ ಸಂಬಂಧಿಸಿದ ಕಾರಣ ನನಗೆ ಕಾಣದು. ಹಾಕಿ ಇಂಡಿಯಾ ಈ ಪ್ರಶ್ನೆಯನ್ನು ಅಂತರರಾಷ್ಟ್ರೀಯ ಹಾಕಿ ಫೆಡರೇಷನ್‌ನ ಮುಂದೆ ಪಟ್ಟು ಹಿಡಿದು ಎತ್ತಬೇಕು. ಅಲ್ಲಿಯವರೆಗೆ, 2028ರ ಲಾಸ್ ಏಂಜಲೀಸ್‌ಗೆ ತಂಡ ಆರಿಸುವವರು ಪೆನಾಲ್ಟಿ ಕಾರ್ನರ್ ತಡೆಯಲು ಮೊದಲು ನುಗ್ಗುವವನು ಯಾರು, ಅವನಿಲ್ಲದ ದಿನ ಯಾರು ಎಂಬುದನ್ನು ಪಟ್ಟಿಗೆ ಸಹಿ ಹಾಕುವ ಮೊದಲೇ ಬರೆದಿಟ್ಟುಕೊಳ್ಳಲಿ.