ಪಾನಾ ಯಾರ ಕೈಯಲ್ಲಿ?

ಮೆಟ್ಟಿಲ ಕೆಳಗೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಮೂಲೆಯಲ್ಲಿ ಧೂಳು ಹಿಡಿದು ನಿಂತ ಸೈಕಲ್‌ಗಳನ್ನು ಹತ್ತಿರ ಹೋಗಿ ನೋಡಿ. ನಿಜವಾಗಿ ಮುರಿದವು ಬಹಳ ಕಡಿಮೆ. ಒಂದರಲ್ಲಿ ಗಾಳಿ ಇಲ್ಲ, ಇನ್ನೊಂದರ ಬ್ರೇಕ್ ರಬ್ಬರ್ ರಿಮ್ಮಿಗೆ ಉಜ್ಜುತ್ತಿದೆ, ಮತ್ತೊಂದರ ಚೈನು ಕಳಚಿದೆ. ‘ಭಾನುವಾರ ಶಾಪಿಗೆ ಕೊಟ್ಟರಾಯಿತು’ ಎಂದು ಹೇಳಿ ವರ್ಷವೇ ಕಳೆದಿರುತ್ತದೆ. ಕೆಟ್ಟದ್ದು ಎಷ್ಟು ಚಿಕ್ಕದು ಎಂದು ಮನೆಯವರಿಗೆ ಗೊತ್ತಿಲ್ಲದ ಕಾರಣಕ್ಕೇ ಹೆಚ್ಚಿನ ಸೈಕಲ್‌ಗಳು ಮೂಲೆ ಸೇರುತ್ತವೆ.

ರಿಪೇರಿ ಮನೆಯಲ್ಲೇ ಕಲಿಯಿರಿ ಅನ್ನುವವರು ದುಡ್ಡು ಉಳಿಯುತ್ತದೆ ಎಂಬ ಕಾರಣ ಮುಂದಿಡುತ್ತಾರೆ. ನನಗದು ಸಪ್ಪೆ ವಾದ. ಪಾನಾ, ಪಂಪು, ಟೈರ್ ಎಬ್ಬಿಸುವ ಲಿವರು ಕೊಂಡರೆ ಆ ಖರ್ಚು ಗಿಟ್ಟಲು ಎಷ್ಟೋ ಪಂಚರ್ ಆಗಬೇಕು. ಕಲಿಯಬೇಕಾದದ್ದು ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಇದು ನಮ್ಮ ಕೈಯಲ್ಲಾಗುವುದೋ ಶಾಪಿಗೆ ಹೋಗಬೇಕಾದದ್ದೋ ಎಂದು ತೀರ್ಮಾನಿಸಲು. ಕೈಕೆಲಸ ಆಮೇಲಿನದು.

ಪಂಚರನ್ನೇ ತೆಗೆದುಕೊಳ್ಳಿ. ಟ್ಯೂಬಿಗೆ ಗಾಳಿ ಹೊಡೆದು ಬಕೆಟ್ ನೀರಿನಲ್ಲಿ ಅದ್ದಿದಾಗ ಗುಳ್ಳೆ ಎಲ್ಲಿ ಏಳುತ್ತದೆ ಎಂಬುದರಲ್ಲೇ ಅರ್ಧ ಕಥೆ ಇದೆ. ತೂತು ರಸ್ತೆಯ ಕಡೆಗಿದ್ದರೆ ಮುಳ್ಳೋ ಗಾಜಿನ ಚೂರೋ ಚುಚ್ಚಿದೆ. ಅದು ಇನ್ನೂ ಟೈರಿನಲ್ಲೇ ಕೂತಿರಬಹುದು, ಟೈರಿನ ಒಳಗೆ ಹುಷಾರಾಗಿ ಬೆರಳಾಡಿಸಿ ತೆಗೆಯದಿದ್ದರೆ ಹಾಕಿದ ಪ್ಯಾಚ್ ಸಂಜೆಯವರೆಗೂ ಬಾಳುವುದಿಲ್ಲ. ತೂತು ರಿಮ್ಮಿನ ಕಡೆಗಿದ್ದರೆ ರಸ್ತೆಯನ್ನು ಬೈದು ಪ್ರಯೋಜನವಿಲ್ಲ. ರಿಮ್ಮಿನೊಳಗಿನ ಪಟ್ಟಿ ಸರಿದು ಕಡ್ಡಿಯ ತುದಿ ಟ್ಯೂಬನ್ನು ಚುಚ್ಚುತ್ತಿದೆ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡವೆಂದರೆ ಗಾಳಿ ಕಡಿಮೆಯಿದ್ದ ಚಕ್ರ ಗುಂಡಿಗಿಳಿದು ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜಜ್ಜಿದೆ ಎಂದರ್ಥ. ಎಷ್ಟೋ ಸಲ ಪಂಚರೇ ಆಗಿರುವುದಿಲ್ಲ. ಹಳೇ ಮಾದರಿಯ ಸೈಕಲ್ಲಿನ ವಾಲ್ವಿನೊಳಗೆ ಒಂದು ತುಂಡು ವಾಲ್ ಟ್ಯೂಬ್ ಇರುತ್ತದೆ. ಆ ರಬ್ಬರು ಒಣಗಿ ಬಿರಿದರೆ ರಾತ್ರಿ ಹೊಡೆದ ಗಾಳಿ ಬೆಳಿಗ್ಗೆಗೆ ಇರದು. ವಾಲ್ವಿನ ಬಾಯಿಗೆ ಚೂರು ಎಂಜಲು ಹಚ್ಚಿ ನೋಡಿದರೆ ಗೊತ್ತಾಗಿಬಿಡುತ್ತದೆ. ಇಷ್ಟು ತಿಳಿದ ಮೇಲೆ ಪ್ಯಾಚ್ ಅಂಟಿಸುವುದು ತಾಳ್ಮೆಯ ಕೆಲಸ, ಅಷ್ಟೇ. ಸೊಲ್ಯೂಷನ್ ಹಚ್ಚಿದ ಕೂಡಲೇ ಒತ್ತುವುದು ಹೊಸಬರ ಅವಸರ. ಹಸಿ ಹೊಳಪು ಹೋಗುವ ತನಕ ಕಾಯಬೇಕು.

ಚೈನಿನದೂ ಇದೇ ಕಥೆ. ಅದರ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಮಕ್ಕಳ ಸ್ಕೇಲು ಹಿಡಿದು ಅಳೆಯಿರಿ. ಒಂದು ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಬಂದರೆ ಚೈನು ಬದಲಿಸುವ ಹೊತ್ತಾಯಿತು. ಎಂಟನೇ ಒಂದು ಪಾಲು ಬಂದರೆ ಅದು ಹಿಂದಿನ ಚಕ್ರದ ಹಲ್ಲುಗಳನ್ನೂ ತಿಂದಿರುತ್ತದೆ. ಆಗ ಖರ್ಚು ಎರಡು.

ಎಲ್ಲರೂ ಹೀಗೆ ಕಲಿತರೆ ಸೈಕಲ್ ಶಾಪಿನವರ ಹೊಟ್ಟೆಪಾಡೇನು ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಗಂಟೆ ಬಾಡಿಗೆಗೆ ಸೈಕಲ್ ಕೊಡುತ್ತಿದ್ದ ಅಂಗಡಿಗಳು ಮುಚ್ಚಿದ್ದು ಜನ ರಿಪೇರಿ ಕಲಿತದ್ದರಿಂದಲ್ಲ, ಸೈಕಲ್ ಬಿಟ್ಟು ಬೈಕ್ ಹತ್ತಿದ್ದರಿಂದ. ಮೂಲೆಯಲ್ಲಿ ನಿಂತ ಸೈಕಲ್ ಯಾವ ಮೆಕ್ಯಾನಿಕ್ಕಿಗೂ ಅನ್ನ ಹಾಕುವುದಿಲ್ಲ. ದಿನಾ ಓಡುವುದು ಒಂದಲ್ಲ ಒಂದು ದಿನ ರಿಮ್ಮಿನ ಬೆಂಡ್ ತೆಗೆಸಲು, ಹಬ್ಬಿನ ಗುಂಡು ಬದಲಿಸಲು ಅವರ ಬಳಿಗೇ ಬರುತ್ತದೆ. ಬೆಂಡ್ ತೆಗೆಯುವುದು ಕೈ ಪಳಗಿದವರ ವಿದ್ಯೆ. ಒಂದು ಕಡ್ಡಿ ಬಿಗಿ ಮಾಡಿದರೆ ಅದರ ಪರಿಣಾಮ ಇಡೀ ಚಕ್ರದ ಮೇಲಾಗುತ್ತದೆ. ಅದನ್ನು ಅವರಿಗೇ ಬಿಡುವುದು ಕ್ಷೇಮ.

ಕಲಿಯಬೇಕಾದದ್ದೂ ಅವರಿಂದಲೇ. ಕೆಲವು ಸಂಗತಿಗಳು ಯಾರಾದರೂ ಹೇಳಿಕೊಡದೆ ಹೊಳೆಯುವುದಿಲ್ಲ. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ತುಳಿತುಳಿದೇ ಪೆಡಲ್ ಸಡಿಲವಾಗಿ ಕಳಚದಿರಲಿ ಎಂದು ಹಾಗೆ ಮಾಡಿದ್ದಾರೆ. ಗೊತ್ತಿಲ್ಲದವರು ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿ ಮಾಡುತ್ತಲೇ ಇರುತ್ತಾರೆ.

ಗೇರ್ ಸೈಕಲ್‌ಗಳ ಕಾಲದಲ್ಲಿ ಇದೆಲ್ಲ ಆಗುವ ಮಾತೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕರಿ ಸೈಕಲ್ಲಿನ ಬಿಡಿಭಾಗ ಬೀದರಿನಲ್ಲಿ ಕೊಂಡರೂ ಚಾಮರಾಜನಗರದ ಸೈಕಲ್ಲಿಗೆ ಕೂರುತ್ತಿತ್ತು. ಈಗ ಪೆಡಲ್ ತಿರುಗುವ ಜಾಗದ ಬೇರಿಂಗಿನಲ್ಲೇ ಹತ್ತಾರು ಬಗೆ, ಒಂದೊಂದಕ್ಕೂ ಬೇರೆ ಬೇರೆ ಹತಾರ. ಹೈಡ್ರಾಲಿಕ್ ಬ್ರೇಕಿನಲ್ಲಿ ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ ದ್ರವ. ಅದಲು ಬದಲಾದರೆ ಒಳಗಿನ ರಬ್ಬರ್ ಸೀಲುಗಳು ಹಾಳು. ಮನೆಯ ರಿಪೇರಿ ಕಷ್ಟವಾದದ್ದು ನಮ್ಮ ದಡ್ಡತನದಿಂದಲ್ಲ, ತಯಾರಕರ ಆಯ್ಕೆಯಿಂದ. ಸೈಕಲ್ ಕೊಳ್ಳುವಾಗ ಗೇರೆಷ್ಟು ಎಂದು ಕೇಳುವ ಮುಂಚೆ ಬಿಡಿಭಾಗ ನಮ್ಮೂರಲ್ಲಿ ಸಿಗುತ್ತದೆಯೇ ಎಂದು ಕೇಳುವುದು ಒಳ್ಳೆಯದು.

ಇನ್ನು ಪಾನಾ ಹಿಡಿಯುವವರು ಯಾರು? ಮರಿಯಾ ವಾರ್ಡ್ ಎಂಬ ಅಮೆರಿಕದ ಲೇಖಕಿ 1896ರಲ್ಲಿ ಹೆಂಗಸರಿಗಾಗಿ ಸೈಕಲ್ ಪುಸ್ತಕ ಬರೆದಾಗ ಸವಾರಿಯ ಜೊತೆಗೆ ಹತಾರಗಳ ಬಳಕೆಗೂ ಅದರಲ್ಲಿ ಜಾಗ ಕೊಟ್ಟಿದ್ದಳು. ಸೈಕಲ್ ಕೈಗೆ ಬಂದರೂ ರಿಪೇರಿಗೆ ಗಂಡಸಿನ ದಾರಿ ಕಾಯಬೇಕಾದರೆ ಸಿಕ್ಕ ಸ್ವಾತಂತ್ರ್ಯ ಅರ್ಧವೇ ತಾನೆ? ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಪಕ್ಕದ ಊರಿನ ಹೈಸ್ಕೂಲಿಗೆ ಹೋಗುವ ಹುಡುಗಿಯರಿಗೆ ಅದೆಷ್ಟು ದೊಡ್ಡ ಅನುಕೂಲ ಎಂದು ಹಳ್ಳಿ ಕಂಡವರಿಗೆ ಹೇಳಬೇಕಿಲ್ಲ. ಆದರೆ ಬಳ್ಳಾರಿ ಜಾಲಿಯ ಒಂದು ಮುಳ್ಳು ಸಾಕು. ಅಪ್ಪನಿಗೋ ಅಣ್ಣನಿಗೋ ಬಿಡುವಾಗುವ ತನಕ ಆ ಸೈಕಲ್ ಗೋಡೆಗೊರಗಿರುತ್ತದೆ, ಹುಡುಗಿ ನಡೆಯುತ್ತಾಳೆ ಅಥವಾ ಮನೆಯಲ್ಲುಳಿಯುತ್ತಾಳೆ. ಪಂಚರ್ ಹಾಕುವ ಪಾಠ ಎಷ್ಟು ಶಾಲೆಗಳಲ್ಲಿ ನಡೆದಿದೆ? ಅದಕ್ಕೆ ಬೇಕಾದದ್ದು ಒಂದು ಬಕೆಟ್ ನೀರು, ಹಳೇ ಟ್ಯೂಬು, ಸೊಲ್ಯೂಷನ್ ಮತ್ತು ಒಂದೆರಡು ಪಿ.ಟಿ. ಪೀರಿಯಡ್ಡು. ಕಲಿಸಲು ಊರಿನ ಸೈಕಲ್ ಶಾಪಿನವರನ್ನೇ ಕರೆಯಬಹುದು, ಅತಿಥಿ ಉಪನ್ಯಾಸಕರಿಗೆ ಕೊಡುವ ಹಾಗೆ ಗೌರವಧನ ಕೊಟ್ಟು.