ಪೆಲೆಗೆ ಪ್ರತಿಮೆ ಉಂಟು, ಹುಡುಗರಿಗೆ ಮೈದಾನ?

ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆ ಪೆಲೆಯೂ ಪ್ರತಿಮೆಯಾಗಿ ನಿಂತಿದ್ದಾನೆ. ಆ ಕೇರಿ ಫುಟ್‌ಬಾಲನ್ನು ಎಲ್ಲಿಟ್ಟಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಇಂಥ ಕೇರಿಗಳಲ್ಲಿ ಆಟ ಉಳಿಸಿರೋನು ಯಾರು? ಹುಡುಗನಾಗಿದ್ದಾಗ ಜೂನಿಯರ್ ತಂಡದಲ್ಲಿ ಆಡಿ, ಮುಂದಕ್ಕೆ ಕರೆ ಬಾರದೆ, ಹೊಟ್ಟೆಪಾಡಿಗೆ ಎಲ್ಲೋ ಕೆಲಸಕ್ಕೆ ಸೇರಿಕೊಂಡ ಹಳೇ ಆಟಗಾರ. ಬೆಳಿಗ್ಗೆ ಆರಕ್ಕೇ ಸೀಟಿ ಹಿಡಿದು ಹಾಜರು. ಬರಿಗಾಲ ಹುಡುಗರಿಗೆ ಪಾಸ್ ಕೊಡೋದು ಕಲಿಸ್ತಾನೆ, ಮೆತ್ತಗಾದ ಚೆಂಡಿಗೆ ಸೈಕಲ್ ಶಾಪಿನಲ್ಲಿ ಗಾಳಿ ಹೊಡೆಸ್ತಾನೆ. ಸಂಬಳದ ಮಾತು ಬಿಡಿ, ಹುಡುಗರ ಟೀ ಬನ್ನಿನ ಖರ್ಚೂ ಅವನದೇ.

2023ರ ಮಾರ್ಚಿನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷ ಕಾಯಬೇಕಾಯ್ತು. ಹಾರ ತುರಾಯಿ ಆಯ್ತು, ಫೋಟೋನೂ ಆಯ್ತು. ಅಷ್ಟು ವರ್ಷ ಯಾಕೆ ಬೇಕಾಯ್ತು, ಆಡೋ ಜಾಗವೆಲ್ಲ ಎಲ್ಲಿ ಹೋಯ್ತು ಅಂತ ಕೇಳಿದವರು ಕಡಿಮೆ.

ಪ್ರತಿಮೆಗೆ ಹಾರ ಹಾಕೋಕೆ ಬರುವ ಮುಖಂಡರು ಒಂದು ದಿನ ಆರು ಗಂಟೆಗೆ ಎದ್ದು ಬರಲಿ. ಮದುವೆಗೂ ಮೆರವಣಿಗೆಗೂ ಬಿಟ್ಟುಕೊಡೋ ಬಯಲನ್ನು ಪಾಲಿಕೆಯಿಂದ ದಿನಾ ಎರಡು ಗಂಟೆ ಈತನಿಗೆ ಬರೆಸಿಕೊಡಲಿ. ಜೊತೆಗೆ ನಾಲ್ಕು ಒಳ್ಳೇ ಚೆಂಡು, ಒಂದು ಕುಡಿಯೋ ನೀರಿನ ನಲ್ಲಿ.